ಅವ್ವನ ಹೆಸರಿನ ಸೊನ್ನೆ: ಪೋರ್ಟಲ್ ಬರೆಸುವವರಿಗೂ ಬರೆಯುವವರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಸಾರ್ವಜನಿಕ ಸೇವೆಗಳ ಪೋರ್ಟಲ್ ಬರೆಸುವ ಅಧಿಕಾರಿಗಳು,
ಮತ್ತು ಅವನ್ನು ಬರೆಯುವ ನನ್ನಂಥ ಇಂಜಿನಿಯರುಗಳು,
ಬೆಂಗಳೂರು.

ಮಾನ್ಯರೇ,

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. 14 ವರ್ಷದಿಂದ ಅದೇ ನನ್ನ ಅನ್ನ. ಊರು ಮಂಡ್ಯದ ಕಡೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಮೆಟ್ರೋ ಹತ್ತಿ ಆಫೀಸಿಗೆ ಹೋಗುತ್ತೇನೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ ಈಗ ಮೇಲಿನಿಂದ ಬಗ್ಗಿ ನೋಡಲಿಕ್ಕಷ್ಟೇ. ಈ ಪತ್ರದ ಮುಕ್ಕಾಲು ಪಾಲನ್ನು ಆ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಟೈಪ್ ಮಾಡಿದ್ದೇನೆ. ಅಲ್ಲಲ್ಲಿ ಕುಲುಕಿದ ಹಾಗೆ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯಾವ ಇಲಾಖೆ, ಯಾವ ಪೋರ್ಟಲ್ ಅಂತ ಇಲ್ಲಿ ಬರೆಯುವುದಿಲ್ಲ. ಒಂದರ ಹೆಸರು ಹಾಕಿದರೆ ಉಳಿದವರೆಲ್ಲ ಸದ್ಯ ನಮ್ಮದಲ್ಲ ಎಂದು ಸುಮ್ಮನಾಗುತ್ತಾರೆ. ಅವ್ವನ ನಿಜವಾದ ಹೆಸರನ್ನೂ ಬರೆಯುವುದಿಲ್ಲ. ಅದು ಈಗಾಗಲೇ ಬೇಕಾದಷ್ಟು ಕಂಪ್ಯೂಟರುಗಳಲ್ಲಿ ಅಲೆದಾಡಿದೆ. ಮಾತಿಗೆ ಪುಟ್ಟಲಿಂಗಮ್ಮ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಊರಿಗೆ ನಾಲ್ಕು ಜನ ಸಿಗುವ ಹೆಸರು.

ಅಪ್ಪ ತೀರಿಕೊಂಡ ಮೇಲೆ ಒಂದು ದಾಖಲೆ ಅವ್ವನ ಹೆಸರಿಗೆ ಬರಬೇಕಿತ್ತು. ಕಚೇರಿಯಲ್ಲಿ ವಿಚಾರಿಸಿದಾಗ ಈಗ ಎಲ್ಲಾ ಆನ್‌ಲೈನ್ ಎಂದರು. ನನಗೆ ಖುಷಿಯಾಯಿತು. ಆನ್‌ಲೈನ್ ಅಂದರೆ ನನ್ನ ಹೊಲ ಅಲ್ವಾ? ನೀನು ತಾಲ್ಲೂಕಾಫೀಸು ಅಂತ ಅಲೆಯೋದು ಬೇಡ ಕಣವ್ವ, ಇಲ್ಲಿಂದಲೇ ಮಾಡ್ತೀನಿ ಎಂದು ಫೋನಿನಲ್ಲಿ ಹೇಳಿದೆ. ಆ ಮಾತು ಹೇಳಿ ಈಗ ಏಳು ತಿಂಗಳು.

ಮೊದಲ ಪುಟದಲ್ಲೇ ಎಡವಿದೆ. ಹೆಸರಿಗೆ ಎರಡು ಚೌಕ. ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡಕ್ಕೂ ಕೆಂಪು ನಕ್ಷತ್ರ, ಅಂದರೆ ತುಂಬಲೇಬೇಕು. ಅವ್ವನಿಗೆ ಲಾಸ್ಟ್ ನೇಮ್ ಇಲ್ಲ. ಅವಳ ಹೆಸರು, ಆಮೇಲೆ ಕೋಂ, ಆಮೇಲೆ ಅಪ್ಪನ ಹೆಸರು. ಗಂಡಸಾದರೆ ಕೋಂ ಬದಲು ಬಿನ್. ನಮ್ಮ ಹಳೆಯ ಕಾಗದಪತ್ರ ನಡೆದಿರುವುದೇ ಹೀಗೆ. ಎರಡನೇ ಚೌಕಕ್ಕೆ ಒಂದು ಚುಕ್ಕಿ ಇಟ್ಟು ನೋಡಿದೆ. ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ ಎಂದಿತು. ಕೊನೆಗೆ ಹೆಸರನ್ನೇ ಸೀಳಿದೆ. ಫಸ್ಟ್ ನೇಮ್ ಪುಟ್ಟ, ಲಾಸ್ಟ್ ನೇಮ್ ಲಿಂಗಮ್ಮ. ಎಪ್ಪತ್ತು ದಾಟಿದ ನನ್ನ ಅವ್ವ ಒಂದೇ ಏಟಿಗೆ ಪುಟ್ಟ ಆದಳು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಹತ್ತು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಫಾರಂ ಬರೆದಿದ್ದೆ. ಅದರಲ್ಲೂ ಲಾಸ್ಟ್ ನೇಮ್ ಕಡ್ಡಾಯ. ಟೆಸ್ಟ್ ಮಾಡಲು ಹಾಕಿದ ಹೆಸರು ಜಾನ್ ಸ್ಮಿತ್. ಟೆಸ್ಟ್ ಪಾಸಾಯಿತು, ನಾನು ಮನೆಗೆ ಹೋದೆ. ಪುಟ್ಟಲಿಂಗಮ್ಮನ ಮಗ ಬರೆದ ಫಾರಂನಲ್ಲಿ ಪುಟ್ಟಲಿಂಗಮ್ಮನಿಗೇ ಜಾಗ ಇರಲಿಲ್ಲ. ಹಾಗಾಗಿ ಈ ಪತ್ರದಲ್ಲಿ ನೀವು ಅಂತ ಬಂದ ಕಡೆಯಲ್ಲೆಲ್ಲ ನನ್ನನ್ನೂ ಸೇರಿಸಿಕೊಂಡು ಓದಿ.

ಇದು ಹಳ್ಳಿಯ ಮುದುಕಿಯರ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ನಮ್ಮವರು ಅಮೆರಿಕದ ವೀಸಾ ತೆಗೆದುಕೊಂಡರೆ ಇರುವ ಹೆಸರು ಕೊನೆಯ ಹೆಸರಿನ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಹೆತ್ತವರು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಕೂಗಿದ ಹೆಸರು, ಅಲ್ಲಿ ಹೋದರೆ ಗೊತ್ತಿಲ್ಲ. ನನ್ನ ಹಳೆಯ ಸಹೋದ್ಯೋಗಿಯೊಬ್ಬನನ್ನು ಅಲ್ಲಿನ ಆಫೀಸಿನಲ್ಲಿ ಫ್ನೂ ಅಂತಲೇ ಕರೆಯುತ್ತಿದ್ದರಂತೆ. 2022ರ ನವೆಂಬರ್‌ನಲ್ಲಿ ಯುಎಇ ಕೂಡ ಒಂದೇ ಹೆಸರಿನ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಅವರು ಹೊರಗಿನವರು, ನಮ್ಮ ಹೆಸರಿನ ಜಾಯಮಾನ ಅವರಿಗೆ ಗೊತ್ತಿಲ್ಲ ಅನ್ನಬಹುದು. ವಿಧಾನಸೌಧದಿಂದ ಕೂಗಳತೆಯಲ್ಲಿ ಕೂತು ಫಾರಂ ಬರೆಸುವವರ ಬಗ್ಗೆ ಹಾಗೆ ಅನ್ನುವುದು ಹೇಗೆ?

ಇರಲಿ. ಪುಟ್ಟ ಲಿಂಗಮ್ಮನನ್ನು ಕರೆದುಕೊಂಡು ಮುಂದಿನ ಪುಟಕ್ಕೆ ಹೋದೆ. ಅಲ್ಲಿ ಒಟಿಪಿ. ಅದು ಹೋಗುತ್ತಿದ್ದದ್ದು ಅಪ್ಪನ ನಂಬರಿಗೆ. ಅಪ್ಪನ ಫೋನು ಅವ್ವನ ಟ್ರಂಕಿನಲ್ಲಿತ್ತು. ಇಲ್ಲಿಂದಲೇ ರೀಚಾರ್ಜ್ ಮಾಡಿಸಿ, ಪಕ್ಕದ ಮನೆ ಹುಡುಗನಿಂದ ಚಾರ್ಜಿಗೆ ಹಾಕಿಸಿದೆ. ಆನ್ ಆದ ಕೂಡಲೇ ಹಳೆಯ ಮಿಸ್ಡ್ ಕಾಲ್‌ಗಳ ಮೆಸೇಜು ಸಾಲಾಗಿ ಬಂದವಂತೆ. ಅದರಲ್ಲಿ ಮೂರು ನನ್ನವೇ. ಒಟಿಪಿ ಬರುವಷ್ಟರಲ್ಲಿ ಇಲ್ಲಿ ಸಮಯ ಮುಗಿದಿತ್ತು. ಈ ಭಾಗ ಇಷ್ಟಕ್ಕೇ ಬಿಡುತ್ತೇನೆ. ಕ್ಯಾಪ್ಚಾ, ಸೆಷನ್ ಔಟ್, ಫೋಟೋ 200 ಕೆಬಿ ಒಳಗಿರಬೇಕು, ಇವೆಲ್ಲ ನಿಮಗೂ ಗೊತ್ತು, ನನಗೂ ಗೊತ್ತು, ಗೊತ್ತಿಲ್ಲದವರು ಈ ರಾಜ್ಯದಲ್ಲಿ ಯಾರಿದ್ದಾರೆ?

ನಾನು ಹೇಳಬೇಕಾಗಿರುವುದು ಸೊನ್ನೆಯ ವಿಷಯ.

ಒಟಿಪಿ ದಾಟಿದ ಮೇಲೆ ಅವ್ವನ ಹೆಸರನ್ನು ಕನ್ನಡದಲ್ಲಿ ಹುಡುಕಬೇಕು. ಹುಡುಕಿದೆ. ಯಾವುದೇ ದಾಖಲೆ ಕಂಡುಬಂದಿಲ್ಲ ಎಂದಿತು. ದಾಖಲೆಯ ಪ್ರತಿ ನನ್ನ ಕೈಯಲ್ಲೇ ಇದೆ. ಅದರಲ್ಲಿ ಅಚ್ಚಾಗಿರುವ ಹಾಗೇ, ಒಂದೊಂದು ಅಕ್ಷರವನ್ನೂ ನೋಡಿಕೊಂಡು ಹೊಡೆದೆ. ಇಲ್ಲ. ಬ್ರೌಸರ್ ಬದಲಾಯಿಸಿದೆ. ಕೀಬೋರ್ಡ್ ಬದಲಾಯಿಸಿದೆ. ಸರ್ವರ್ ಖಾಲಿ ಇರಲಿ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಸಹಾಯವಾಣಿಗೆ ಮಾಡಿದರೆ ಆ ಕಡೆಯ ಹುಡುಗ ತುಂಬಾ ಮರ್ಯಾದೆಯಿಂದ ಒಂದೇ ಮಾತು ಹೇಳಿದ. ಸಿಸ್ಟಮ್ ತಗೊಳ್ತಿಲ್ಲ ಸಾರ್.

ಎರಡು ತಿಂಗಳು ಹೀಗೇ ಹೋಯಿತು. ಒಂದು ಶನಿವಾರ ಊರಿಗೇ ಹೋದೆ. ಪಂಚಾಯಿತಿ ಮೆಂಬರ್ ಒಬ್ಬರು ಬೈಕಿನಲ್ಲಿ ಮುಂದೆ, ನಾನೂ ಅವ್ವನೂ ಆಟೋದಲ್ಲಿ ಹಿಂದೆ. ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯಲು ನೀಲಿ ಬಟ್ಟೆ. ಕೂತಿದ್ದ ಹುಡುಗಿಗೆ ಇಪ್ಪತ್ತೋ ಇಪ್ಪತ್ತೊಂದೋ. ನಾನು ಆಗಿದ್ದೆಲ್ಲ ವಿವರಿಸಲು ಶುರು ಮಾಡಿದೆ. ಅವಳು ಪೂರ್ತಿ ಕೇಳಲಿಲ್ಲ. ಹೆಸರಲ್ಲಿ ಸೊನ್ನೆ ಬರುತ್ತಾ ಅಣ್ಣ ಎಂದಳು. ಬರುತ್ತೆ ಎಂದೆ. ಏನೋ ಒಂದು ಒತ್ತಿದಳು. ಎಂಟರ್ ಹೊಡೆದಳು. ಅವ್ವನ ದಾಖಲೆ ಬಂತು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅದು ಅಂ ಸೊನ್ನೆ ಅಲ್ಲ ಅಣ್ಣ, ನಂಬರ್ ಸೊನ್ನೆ, ಹಳೇ ಎಂಟ್ರಿಗಳಲ್ಲಿ ಎಷ್ಟೋ ಹಂಗೇ ಇರ್ತವೆ ಎಂದಳು. ಅವ್ವ ನನ್ನ ಕಡೆ ತಿರುಗಿ, ನೀನು ಕಂಪ್ಯೂಟ್ರು ಓದಿರೋನು ಅಲ್ವೇನ್ಲಾ ಎಂದಳು. ಮೆಂಬರ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಗೊತ್ತು. ಅನುಸ್ವಾರ ಅಂತ ಮೇಷ್ಟ್ರು ಹೇಳಿದರೂ ನಾವು ಅದನ್ನು ಕರೆಯುವುದು ಸೊನ್ನೆ ಅಂತಲೇ. ಲಿ ಬರೆದು ಸೊನ್ನೆ ಕೊಡು ಅಂತಲೇ ಹೇಳಿಕೊಡುತ್ತಾರೆ. ಲೆಕ್ಕದ ಸೊನ್ನೆಯೂ ಅದೇ ಆಕಾರ. ಕಾಗದದ ಮೇಲೆ ಎರಡೂ ಒಂದೇ, ಯಾರಿಗೂ ತೊಂದರೆಯಿಲ್ಲ. ಆದರೆ ಕಂಪ್ಯೂಟರಿಗೆ ಅಕ್ಷರವೆಂದರೆ ಆಕಾರ ಅಲ್ಲ, ಒಂದು ನಂಬರು. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರು ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಅನುಸ್ವಾರದ ನಂಬರು 3202. ಕನ್ನಡದ ಅಂಕಿ ಸೊನ್ನೆಯ ನಂಬರು 3302. ನೋಡಲು ಅವಳಿ ಜವಳಿ, ವಿಳಾಸದಲ್ಲಿ ಸರಿಯಾಗಿ ನೂರು ಮನೆ ದೂರ. ಇಲ್ಲೇ ನೋಡಿ. ಲಿಂಗಮ್ಮ. ಲಿ೦ಗಮ್ಮ. ಇವೆರಡರಲ್ಲಿ ಒಂದರ ಹೊಟ್ಟೆಯಲ್ಲಿರುವುದು ಅಂಕಿ. ಫಾಂಟ್ ಚೆನ್ನಾಗಿದ್ದರೆ ಒಂದು ಕೂದಲೆಳೆ ವ್ಯತ್ಯಾಸ ಕಂಡೀತು. ಯಂತ್ರಕ್ಕೆ ಮಾತ್ರ ಇವರು ಸಂಬಂಧವೇ ಇಲ್ಲದ ಇಬ್ಬರು ಹೆಂಗಸರು.

ಟೈಪ್ ಮಾಡಿದವರನ್ನು ನಾನು ಬೈಯುವುದಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಅನುಸ್ವಾರ ಬೇಕಾದರೆ ಶಿಫ್ಟ್ ಹಿಡಿದು ಎಮ್ ಒತ್ತಬೇಕು. ಗೊತ್ತಿದ್ದವರಿಗೆ ಅದು ಬೆರಳ ತುದಿಯ ಕೆಲಸ. ದಿನಕ್ಕೆ ನೂರಾರು ಹೆಸರು ಹೊಡೆಯಬೇಕಾದ ಗುತ್ತಿಗೆ ನೌಕರನಿಗೆ ಸೊನ್ನೆ ಅಂದ ಕೂಡಲೇ ಕೈ ಹೋಗುವುದು ಸೊನ್ನೆಯ ಕೀಲಿಗೇ. ಪರದೆಯ ಮೇಲೆ ಸರಿಯಾಗೇ ಕಾಣುತ್ತದೆ. ಪ್ರಿಂಟೂ ಸರಿಯಾಗೇ ಬರುತ್ತದೆ. ಅದು ತಪ್ಪು ಅಂತ ಗೊತ್ತಾಗುವುದು ವರ್ಷಗಳ ಮೇಲೆ, ಹುಡುಕುವವಳಿಗೆ.

ಸೊನ್ನೆ ಒಂದೇ ಅಲ್ಲ. ಕೋಂ ಅನ್ನುವ ಒಂದು ಪುಟ್ಟ ಪದ ತೆಗೆದುಕೊಳ್ಳಿ. ಅದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡು ಜೋಡಿಸಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇವನ್ನು ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡ್‌ನವರೇ ಕೊಟ್ಟಿದ್ದಾರೆ. ನಾರ್ಮಲೈಸೇಶನ್ ಅನ್ನುತ್ತಾರೆ. ಜಾವಾ, ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ಒಂದು ಸಾಲು. ಸೊನ್ನೆಯ ಗೊಂದಲ ಅದಕ್ಕೆ ಬಗ್ಗುವುದಿಲ್ಲ ನಿಜ. ಅದಕ್ಕೆ ಬೇರೆ ನಿಯಮ ಬರೆಯಬೇಕು. ಎರಡು ಕನ್ನಡ ಅಕ್ಷರಗಳ ಮಧ್ಯೆ ಒಂಟಿ ಸೊನ್ನೆ ಬಂದರೆ ಅದನ್ನು ಅನುಸ್ವಾರ ಅಂದುಕೋ, ಅಷ್ಟೇ. ಮನೆಯಲ್ಲಿ ಬರೆದು ನೋಡಿದೆ. ಐದು ಸಾಲು. ಅನ್ನಕ್ಕಿಟ್ಟು ಕೂತವನು ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಮುಗಿಸಿದ್ದೆ.

ಆ ಐದು ಸಾಲು ಬರೆಯಲು ನಮಗೆ ಯಾಕೆ ತೋಚುವುದಿಲ್ಲ? ಬರಲ್ಲ ಅಂತ ಅಲ್ಲ. ಈ ಶತಮಾನದ ಶುರುವಿನಲ್ಲೇ ಸುಮಾರು ಎರಡು ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿದ ರಾಜ್ಯ ಇದು. ಆಗ ನಮ್ಮ ಹೆಚ್ಚಿನ ಕಂಪ್ಯೂಟರುಗಳಿಗೆ ಕನ್ನಡ ನೆಟ್ಟಗೆ ಬರುತ್ತಿರಲಿಲ್ಲ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು. ಒಬ್ಬರು ಕಳಿಸಿದ ಪತ್ರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತಿತ್ತು. ಅಂಥ ಕಾಲದಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ಬರಹ ಬಂತು, ನುಡಿ ಬಂತು. ಸಂಬಳ ಇದ್ದೋ ಇಲ್ಲದೆಯೋ ಕೆಲವರು ಹಟ ಹಿಡಿದು ಮಾಡಿದರು. ಅವರು ಕನ್ನಡವನ್ನು ಪರದೆಯವರೆಗೆ ತಂದು ನಿಲ್ಲಿಸಿದರು. ಅಲ್ಲಿಂದ ಒಳಗೆ ಕರೆದುಕೊಂಡು ಹೋಗಬೇಕಿದ್ದವರು ನಾವು.

ಅವ್ವನ ಕಥೆ ಮುಗಿದಿಲ್ಲ. ದಾಖಲೆ ಸಿಕ್ಕಿತಲ್ಲ, ಇನ್ನೇನು ಆಯಿತು ಅಂದುಕೊಂಡೆವು. ಮುಂದಿನ ಪುಟದಲ್ಲಿ ಯಂತ್ರವು ಆ ದಾಖಲೆಯ ಹೆಸರನ್ನು ಗುರುತಿನ ಚೀಟಿಯ ಹೆಸರಿನ ಜೊತೆ ಹೋಲಿಸುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಎರಡೂ ಕಡೆ ಕನ್ನಡದ ಹೆಸರಿದೆ. ಆದರೂ ಕನ್ನಡದ ದಾಖಲೆಯನ್ನು ತಾನೇ ಇಂಗ್ಲಿಷಿಗೆ ಬದಲಾಯಿಸಿಕೊಂಡು, ಆಮೇಲೆ ತೂಗಿ ನೋಡುತ್ತದೆ. ಹೆಸರು ಹೊಂದಾಣಿಕೆಯಾಗುತ್ತಿಲ್ಲ. ಮತ್ತೆ ಕೆಂಪಕ್ಷರ.

ಹೊಂದುವುದಾದರೂ ಹೇಗೆ? ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ, ಇಂಗ್ಲಿಷಿನಲ್ಲಿ 26. ಇಂಗ್ಲಿಷಿನ ಒಂದು ಟಿ ನಮ್ಮ ತ ಕೂಡ ಹೌದು, ಟ ಕೂಡ ಹೌದು. ಒಂದು ಎಲ್, ಲ ಮತ್ತು ಳ ಎರಡಕ್ಕೂ. ಅವ್ವನ ಹೆಸರು ಒಂದು ಕಡೆ ಎರಡು ಟಿ, ಕೊನೆಗೆ ಎರಡು ಎಮ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ಟಿ. ಇನ್ನೊಂದು ಕಡೆ ಪುಟ್ಟ ಬೇರೆ, ಲಿಂಗಮ್ಮ ಬೇರೆ, ನಡುವೆ ಜಾಗ. ಅದಕ್ಕಿಂತ ಮಜವಾದ್ದು ಗುರುತಿನ ಚೀಟಿಯ ಕನ್ನಡದ ಸಾಲು. ಇಂಗ್ಲಿಷಿನಿಂದ ಯಂತ್ರವೇ ಕನ್ನಡಕ್ಕೆ ತಂದಿದ್ದು. ಅದರಲ್ಲಿ ಅವಳು ಪುತ್ತಲಿಂಗಮ್ಮ. ಅಂಗಡಿಯ ಹುಡುಗಿ ಓದಿ ಹೇಳಿದಾಗ ಅವ್ವ ಗಟ್ಟಿಯಾಗಿ ನಕ್ಕಳು. ಇದ್ಯಾರ್ಲಾ ಇವ್ಳು ಪುತ್ತಲಿಂಗಮ್ಮ, ನಿಮ್ಮಪ್ಪ ಇನ್ನೊಂದ್ ಮದ್ವೆ ಏನಾದ್ರೂ ಮಾಡ್ಕೊಂಡಿದ್ನಾ?

ನಾವೂ ನಕ್ಕೆವು. ಆಮೇಲೆ ನಗು ಬರಲಿಲ್ಲ. ಚೀಟಿ ತಿದ್ದಿಸಿ ಎಂದರು ಕಚೇರಿಯವರು. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನಕ್ಕೆ ಎರಡೇ ಅವಕಾಶ. ಇವರಿಗೆ ಸರಿಹೋಗುವ ಹಾಗೆ ತಿದ್ದಿಸಿದರೆ ಬ್ಯಾಂಕಿಗೆ ತಪ್ಪುತ್ತದೆ. ಬ್ಯಾಂಕಿನದು ತಿದ್ದಿಸಿದರೆ ಪಿಂಚಣಿಗೆ ತಪ್ಪುತ್ತದೆ. ಹಾಗಾದರೆ ಅಫಿಡವಿಟ್ ಮಾಡಿಸಿ ಎಂದರು. ಕೋರ್ಟ್ ಮುಂದಿನ ಮರದ ಕೆಳಗೆ ನೋಟರಿ ಸಿಕ್ಕರು. ಸ್ಟಾಂಪ್ ಪೇಪರ್ ತಂದು ಬರೆಸಿದೆವು. ಮೇಲ್ಕಂಡ ಈ ನಾಲ್ಕೂ ಹೆಸರುಗಳು ನನ್ನವೇ ಆಗಿದ್ದು ಒಬ್ಬಳೇ ವ್ಯಕ್ತಿಯಾಗಿರುತ್ತೇನೆ ಎಂದು ಪ್ರಮಾಣ. ಅವ್ವ ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ರಾತ್ರಿ ಶಾಲೆಯಲ್ಲಿ ಕುಳಿತು ಹೆಸರು ಬರೆಯಲು ಕಲಿತವಳು. ಹೆಬ್ಬೆಟ್ಟು ಒತ್ತು ಅಜ್ಜಿ ಎಂದರೆ ಸಿಟ್ಟು ಬರುತ್ತದೆ. ನಿಧಾನವಾಗಿ ಒಂದೊಂದೇ ಅಕ್ಷರ ಬರೆದಳು. ಸೊನ್ನೆಯನ್ನು ಸುತ್ತಿ ಸುತ್ತಿ ಎರಡು ಸಲ ತಿದ್ದಿದಳು. ಆ ಕಾಗದದಲ್ಲಿ ಅವಳ ಹೆಸರು ಸರಿಯಾಗಿದ್ದದ್ದು ಅದೊಂದೇ ಜಾಗದಲ್ಲಿ.

ಅಫಿಡವಿಟ್ಟನ್ನು ಅಪ್‌ಲೋಡ್ ಮಾಡುವ ಜಾಗ ಪೋರ್ಟಲ್‌ನಲ್ಲಿ ಇದೆ. ಹೆಸರು ಹೊಂದಿದ ಮೇಲೆ ತೆರೆಯುವ ಪುಟದಲ್ಲಿ ಇದೆ.

ಇದೇ ದಿನಗಳಲ್ಲಿ ನನ್ನ ಆಫೀಸಿನಲ್ಲಿ ಒಂದು ಘಟನೆ ಆಯಿತು. ನಮ್ಮ ಗಿರಾಕಿ ಕಂಪನಿ ಯುರೋಪಿನದು. ಅವರ ಗ್ರಾಹಕರೊಬ್ಬರ ಹೆಸರಿನಲ್ಲಿ ಒಂದು ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇತ್ತು. ನಮ್ಮ ತಂತ್ರಾಂಶ ಕಳಿಸಿದ ಪತ್ರದಲ್ಲಿ ಆ ಚುಕ್ಕಿ ಬಿಟ್ಟುಹೋಯಿತು. ಗ್ರಾಹಕರು ದೂರು ಕೊಟ್ಟರು. ರಾತ್ರಿ ಹತ್ತಕ್ಕೆ ತುರ್ತು ಮೀಟಿಂಗ್. ಎಲ್ಲರೂ ಕೂತೆವು. ಎರಡು ದಿನದಲ್ಲಿ ಸರಿಯಾಯಿತು. ನಾನೇ ಸರಿಮಾಡಿದೆ. ಶಹಬ್ಬಾಸ್ ಎಂದು ಮೇಲ್ ಬಂತು. ಯಾರೋ ಕಾಣದ ಊರಿನ, ಕಾಣದ ಮನುಷ್ಯನ ಎರಡು ಚುಕ್ಕಿ. ನನ್ನ ಅವ್ವನದು ಒಂದು ಸೊನ್ನೆ.

ಅಲ್ಲಿಯವರು ನಮಗಿಂತ ಒಳ್ಳೆಯವರು ಅಂತ ಇದರ ಅರ್ಥ ಅಲ್ಲ. ಅವರಿಗೆ ಕಾನೂನಿನ ಭಯ ಇದೆ. 2018ರ ಮೇ ತಿಂಗಳಿಂದ ಅಲ್ಲಿ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣೆಯ ನಿಯಮದಲ್ಲಿ ತನ್ನ ಬಗ್ಗೆ ಇರುವ ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕಿದೆ. 2019ರಲ್ಲಿ ಬ್ರಸೆಲ್ಸ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಇಂಥದ್ದೇ ಒಂದು ಜಗಳ ಹೋಗಿತ್ತು. ಹೆಸರಿನ ಚಿಹ್ನೆಗಳನ್ನು ಬರೆಯಲು ನಮ್ಮ ಹಳೆಯ ಕಂಪ್ಯೂಟರಿಗೆ ಬರುವುದಿಲ್ಲ ಎಂದಿತು ಒಂದು ಬ್ಯಾಂಕು. ಬರುವುದಿಲ್ಲ ಅನ್ನುವ ಹಾಗಿಲ್ಲ, ಹೆಸರು ಹೇಗಿದೆಯೋ ಹಾಗೆ ಬರೆಯಬೇಕು ಎಂದಿತು ನ್ಯಾಯಾಲಯ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂದಿದೆ. ಅದರ 12ನೇ ಸೆಕ್ಷನ್ನಿನಲ್ಲಿ ತಿದ್ದಿಸಿಕೊಳ್ಳುವ ಹಕ್ಕಿನ ಮಾತಿದೆ.

ಈಗ ಸ್ವಲ್ಪ ರಾಜಕೀಯ. ನಾನು ಅಂಥ ರಾಜಕೀಯದವನಲ್ಲ. ಐಟಿಯವರ ದಿನದ ಕೆಲಸವನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ 2024ರ ಜುಲೈನಲ್ಲಿ ಬಂದಾಗ ಎಲ್ಲರ ಜೊತೆ ನಾನೂ ಕೂಗಾಡಿದ್ದೆ. ಅದು ಬಿಟ್ಟರೆ ಓಟು ಹಾಕುವುದು, ಬೆರಳಿನ ಫೋಟೋ ಹಾಕುವುದು, ಅಷ್ಟೇ. ಆದರೆ ಮೆಟ್ರೋದಲ್ಲಿ ನಿಂತಾಗ ಒಂದೊಂದು ಯೋಚನೆ ಬರುತ್ತದೆ.

ಅದೇ 2024ರಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಕಾನೂನು ಗಟ್ಟಿಯಾಯಿತು. ಒಳ್ಳೆಯದೇ ಆಯಿತು, ನನ್ನ ತಕರಾರಿಲ್ಲ. ಬೋರ್ಡಿನ ಕನ್ನಡ ಕಣ್ಣಿಗೆ ಕಾಣುತ್ತದೆ. ಅಳೆಯಬಹುದು, ದಂಡ ಹಾಕಬಹುದು, ಬಣ್ಣ ಬಳಿಯಬಹುದು. ಡೇಟಾಬೇಸಿನೊಳಗೆ ಅವ್ವನ ಹೆಸರನ್ನು ಕನ್ನಡದಲ್ಲಿ ಹೋಲಿಸುತ್ತಾರೋ ಇಂಗ್ಲಿಷಿನಲ್ಲೋ ಅಂತ ಯಾರು ಅಳೆಯುತ್ತಾರೆ? ನಮ್ಮ ಪೋರ್ಟಲ್‌ಗಳು ಬೋರ್ಡಿನ ಹಾಗೇ ಇವೆ. ಮುಂದೆ ಕನ್ನಡ, ಒಳಗೆ ಲೆಕ್ಕ ಬರೆಯುವುದು ಇಂಗ್ಲಿಷಿನಲ್ಲಿ.

ಇನ್ನೊಂದು ಹೆಸರು ನೆನಪಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದೇ ಬೆಂಗಳೂರಿನಲ್ಲಿದ್ದವರು. 2012ರಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮುಂದಿನ ವರ್ಷ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂಬ ತೀರ್ಪೂ ಬಂತು. ಒಂದು ಯಂತ್ರ ನಮ್ಮ ಬಗ್ಗೆ ಏನು ಕೇಳಬಹುದು ಎಂದು ಕೇಳಿದವರು ಒಬ್ಬ ಪುಟ್ಟಸ್ವಾಮಿ. ಒಂದು ಯಂತ್ರ ನಮ್ಮನ್ನು ನೀನು ನೀನಲ್ಲ ಅನ್ನಬಹುದೇ ಎಂದು ಈ ಪುಟ್ಟಲಿಂಗಮ್ಮ ಕೇಳುತ್ತಿದ್ದಾಳೆ.

ಕೇಳುವುದು ಯಾರನ್ನು ಅನ್ನುವುದೇ ತೊಡಕು. ಊರಿನಲ್ಲಿ ಮೆಂಬರ್ ಬೈಕ್ ಹತ್ತಿ ಬಂದರು. ಕೆಲಸ ಆಗಲಿಲ್ಲ, ಆದರೆ ಬೈಯಲು ಒಂದು ಮುಖ ಇತ್ತು. ಬೆಂಗಳೂರಿನಲ್ಲಿ ಅದೂ ಇರಲಿಲ್ಲ. ಪಾಲಿಕೆಗೆ 2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಿದರು. ಆ ಐದು ವರ್ಷದಲ್ಲಿ ನನ್ನಂಥವರು ಒಂದು ಅಭ್ಯಾಸ ಕಲಿತೆವು. ಮನುಷ್ಯರ ಹತ್ತಿರ ಹೋಗುವುದು ಬಿಟ್ಟು ಆಪ್‌ನಲ್ಲಿ ದೂರು ಹಾಕಿ ಸುಮ್ಮನಾಗುವುದು.

ಸಿಸ್ಟಮ್ ತಗೊಳ್ತಿಲ್ಲ ಅನ್ನುವ ಮಾತು ನನಗೆ ಚುಚ್ಚುವುದು ಅದಕ್ಕೇ. ನಾನು ಸಿಸ್ಟಮ್ ಬರೆಯುವವನು. ಅದಕ್ಕೆ ಬೇಕು ಬೇಡ ಅಂತ ಇರುವುದಿಲ್ಲ. ಎಲ್ಲೋ ಒಬ್ಬರು ಕೂತು, ಹೆಸರು ಹೀಗಿದ್ದರೆ ಒಳಗೆ ಬಿಡು, ಇಲ್ಲದಿದ್ದರೆ ಬಿಡಬೇಡ ಅಂತ ಒಂದು ಸಾಲು ಬರೆದಿರುತ್ತಾರೆ. ಅದಕ್ಕೆ ಇನ್ನೊಬ್ಬರು ಒಪ್ಪಿಗೆ ಕೊಟ್ಟಿರುತ್ತಾರೆ. ಗುಮಾಸ್ತರು ಅರ್ಜಿ ವಾಪಸ್ ಕೊಟ್ಟರೆ ಅದು ತಿರಸ್ಕಾರ. ಕಾರಣ ಕೇಳಬಹುದು, ಮೇಲಿನವರ ಹತ್ತಿರ ಹೋಗಬಹುದು. ನಮ್ಮ ರಾಜ್ಯದಲ್ಲಿ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿ. ಹೇಳಿದ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ದುಡ್ಡು ಸಣ್ಣದು, ಹಿಂದಿನ ಯೋಚನೆ ದೊಡ್ಡದು. ಆದರೆ ಆ ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕಾರವಾಗಿ ನಂಬರು ಬಂದ ಮೇಲೆ. ಕೆಂಪಕ್ಷರ ತೋರಿಸಿ ಬಾಗಿಲಲ್ಲೇ ನಿಲ್ಲಿಸಿದರೆ ಅರ್ಜಿ ಹುಟ್ಟುವುದೇ ಇಲ್ಲ. ಏಳು ತಿಂಗಳಲ್ಲಿ ಅವ್ವನಿಗೆ ಇಲ್ಲ ಅಂತ ಎಷ್ಟು ಸಲ ಹೇಳಿದ್ದೀರಿ ಅಂತ ನಿಮ್ಮ ಕಡತದಲ್ಲಿ ಹುಡುಕಿ. ಒಂದೂ ಸಿಗುವುದಿಲ್ಲ. ಮೀಟಿಂಗಿನಲ್ಲಿ ನಿಮಗೆ ತೋರಿಸುವ ಪಟ್ಟಿಯಲ್ಲಿ ಬಾಕಿ ಸೊನ್ನೆ ಅಂತಲೇ ಇರುತ್ತದೆ. ಅದು ಯಾವ ಸೊನ್ನೆಯೋ.

ಮಾನ್ಯರೇ, ನಾನು ಕೇಳುವುದು ದೊಡ್ಡದಲ್ಲ.

ಯಂತ್ರ ಇಲ್ಲ ಎಂದಾಗಲೂ ಒಂದು ನಂಬರು ಕೊಡಿ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಾರಣಕ್ಕೆ ನಿಮ್ಮ ಅರ್ಜಿ ಮುಂದೆ ಹೋಗಲಿಲ್ಲ ಎಂದು ಕನ್ನಡದಲ್ಲಿ ಒಂದು ಚೀಟಿ ಬರಲಿ. ಯಾವ ಹೆಸರನ್ನು ಯಾವ ಹೆಸರಿನ ಜೊತೆ ಹೋಲಿಸಿದಿರಿ ಎಂದು ಎರಡನ್ನೂ ಅಕ್ಕಪಕ್ಕ ತೋರಿಸಿ. ಆ ಚೀಟಿ ಹಿಡಿದು ಹೋದರೆ ನೋಡಲು ಒಬ್ಬ ಮನುಷ್ಯ ಇರಲಿ, ಅವರಿಗೆ ಸರಿಪಡಿಸುವ ಅಧಿಕಾರವೂ ಇರಲಿ. ಸಹಾಯವಾಣಿಯ ಆ ಹುಡುಗನಿಗೆ ಮರ್ಯಾದೆ ಇತ್ತು, ಅಧಿಕಾರ ಇರಲಿಲ್ಲ. ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ.

ಎರಡೂ ಕಡೆ ಕನ್ನಡದ ಹೆಸರಿದ್ದರೆ ಕನ್ನಡದಲ್ಲೇ ಹೋಲಿಸಿ. ಹೋಲಿಸುವ ಮೊದಲು ಸೊನ್ನೆಗಳನ್ನೂ ತುಂಡಾದ ಓತ್ವಗಳನ್ನೂ ಸರಿಮಾಡಿಕೊಳ್ಳಿ. ನನ್ನ ಐದು ಸಾಲು ಬೇಕಿದ್ದರೆ ಸುಮ್ನೆ ಕೊಡುತ್ತೇನೆ, ಟೆಂಡರ್ ಕರೆಯಬೇಡಿ. ಲಾಸ್ಟ್ ನೇಮ್‌ನ ಕೆಂಪು ನಕ್ಷತ್ರ ತೆಗೆಯಿರಿ.

ಇಂಜಿನಿಯರ್ ಗೆಳೆಯರಿಗೆ ಒಂದು ಮಾತು. ಟೆಸ್ಟ್ ಮಾಡುವಾಗ ಜಾನ್ ಸ್ಮಿತ್‌ನ ಜೊತೆ ನಿಮ್ಮ ಅಜ್ಜಿಯ ಹೆಸರನ್ನೂ ಒಂದು ಸಲ ಹಾಕಿ ನೋಡಿ. ಅಜ್ಜಿ ಬಿಹಾರದವರಾದರೂ ಸರಿ, ಕೇರಳದವರಾದರೂ ಸರಿ. ಪೋರ್ಟಲ್ ಬಿಡುಗಡೆಗೆ ಮುಂಚೆ ತಾಲ್ಲೂಕಿನ ಜೆರಾಕ್ಸ್ ಅಂಗಡಿಯ ಹುಡುಗಿಯನ್ನು ಒಂದು ದಿನ ಕರೆಸಿ ಕೂರಿಸಿ. ಅವಳಿಗೆ ಗೊತ್ತಿರುವ ಬಗ್ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಆ ದಿನದ ಅವಳ ಅಂಗಡಿಯ ಲುಕ್ಸಾನು ಕಟ್ಟಿಕೊಡಿ.

ಅವ್ವ ಈಗ ಕೇಳುವುದು ಬಿಟ್ಟಿದ್ದಾಳೆ. ಅಪ್ಪನ ಫೋನಿಗೆ ತಿಂಗಳು ತಿಂಗಳೂ ರೀಚಾರ್ಜ್ ಮಾಡಿಸುತ್ತಿದ್ದೇನೆ, ಒಟಿಪಿಗೆ ಬೇಕಲ್ಲ. ಅದನ್ನು ಅವಳೇ ದಿನಾ ಚಾರ್ಜಿಗೆ ಹಾಕುತ್ತಾಳೆ.

ಪತ್ರದ ಕೊನೆಯಲ್ಲಿ ಅರ್ಜಿ ಸಂಖ್ಯೆ ನಮೂದಿಸುವುದು ರೂಢಿ. ನಮಗೆ ಇನ್ನೂ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಪುಟ್ಟಲಿಂಗಮ್ಮನ ಮಗ,
ಬೆಂಗಳೂರು.